ಕತ್ತಿ ತಂದವಳ ಎಲೆ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಜಯನಗರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದೆ. ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಟೈಪಿಸ್ಟ್. ಇಪ್ಪತ್ತೇಳು ವರ್ಷ, ಮದುವೆಯಾಗಿಲ್ಲ. ಅಮ್ಮನ ಪ್ರಕಾರ ನನ್ನ ಬಗ್ಗೆ ಹೇಳಬೇಕಾದ ಸಂಗತಿ ಇವೆರಡೇ. ಯಡಿಯೂರು ಕೆರೆಯ ಹತ್ತಿರ ಒಂದು ಮನೆಯ ಹಿಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದವಳು ಶಾಲೆಯೊಂದರ ಡ್ರಾಯಿಂಗ್ ಟೀಚರ್. ನಾವಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದೆವು. ಈಗ ಇದನ್ನು ಒಂದೇ ವಾಕ್ಯದಲ್ಲಿ ಬರೆದುಬಿಟ್ಟೆ. ಆಗ ಅವಳ ಕೋಣೆಗೆ ಹೋಗುವಾಗಲೂ ಕೈಯಲ್ಲೊಂದು ಸ್ವೆಟರ್ ಹೆಣಿಗೆ ಹಿಡಿದು ಹೋಗುತ್ತಿದ್ದೆ, ಕೇಳಿದವರಿಗೆ ತೋರಿಸಲಿಕ್ಕೆ.

ಒಂದು ದಿನ ಅವಳು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ ಚಿತ್ರದ ಎಲೆಗಳ ಒಂದು ಕಟ್ಟು ತಂದಳು. ಟ್ಯಾರೋ, ಅಂದರೆ ಬಿಳಿಯರು ಭವಿಷ್ಯ ನೋಡುವ ಇಸ್ಪೀಟು. ಎಪ್ಪತ್ತೆಂಟು ಎಲೆ ಇರಬೇಕಾದಲ್ಲಿ ಎಪ್ಪತ್ತಮೂರಿದ್ದವು. ಜೊತೆಗಿದ್ದ ಸಣ್ಣ ಪುಸ್ತಕವನ್ನು ಅರ್ಧ ಹುಳು ತಿಂದಿತ್ತು. ಭವಿಷ್ಯದಲ್ಲಿ ನಮ್ಮಿಬ್ಬರಿಗೂ ನಂಬಿಕೆಯಿರಲಿಲ್ಲ. ಅವಳಿಗೆ ಬೇಕಾದದ್ದು ಆ ಚಿತ್ರಗಳು.

ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ ನಾನು ಅಲ್ಲಿಗೆ ಹೋದರೆ, ಅವಳು ಚಾಪೆಯ ಮೇಲೆ ಎಲೆಗಳನ್ನು ಹರಡಿಕೊಂಡು ಕೂತಿರುತ್ತಿದ್ದಳು. ಒಂದರಲ್ಲಿ ಒಬ್ಬ ಮನುಷ್ಯ ಮರಕ್ಕೆ ತಲೆಕೆಳಗಾಗಿ ನೇತಾಡುತ್ತಿದ್ದ.

"ಇವನು ನಮ್ಮ ಬೇತಾಳ ಕಣೇ," ಅಂದಳು.

"ಪುಸ್ತಕದಲ್ಲಿ ತ್ಯಾಗ ಅಂತಿದೆ."

"ತ್ಯಾಗ ಗೀಗ ಏನಿಲ್ಲ. ಉತ್ತರ ಗೊತ್ತಿದ್ದೂ ರಾಜ ಬಾಯಿ ಬಿಡದಿದ್ರೆ ಅವನ ತಲೆ ಒಡೆದು ಹೋಗುತ್ತೆ. ಬಾಯಿ ಬಿಟ್ರೆ ಹೆಣ ವಾಪಸ್ ಮರಕ್ಕೆ ಹೋಗುತ್ತೆ. ಆ ರಾಜ ನೀನು, ನಿಮ್ಮ ಮನೇಲಿ."

ನನಗೆ ನಗು ಬರಲಿಲ್ಲ.

ಹೀಗೆ ಶುರುವಾಯಿತು. ರೆಕ್ಕೆಯ ದೇವತೆಯೊಂದು ಬಟ್ಟಲಿನಿಂದ ಬಟ್ಟಲಿಗೆ ನೀರು ಸುರಿಯುವ ಎಲೆ ಅವಳಿಗೆ ಅಮೃತ ಬಡಿಸುವ ಮೋಹಿನಿ. ಪುಸ್ತಕ ಅದನ್ನು ಸಂಯಮ ಅನ್ನುತ್ತಿತ್ತು. ಅವಳು, "ವಿಷ್ಣು ಹೆಣ್ಣಾದ, ಶಿವ ಮರುಳಾದ, ಯಾರೂ ಅವರನ್ನ ಮನೆಯಿಂದ ಆಚೆ ಹಾಕ್ಲಿಲ್ಲ. ಅದು ಇದರ ಅರ್ಥ," ಅನ್ನುತ್ತಿದ್ದಳು. ಹಾರದ ನಡುವೆ ಆಕೃತಿಯೊಂದು ಕುಣಿಯುವ ಕೊನೆಯ ಎಲೆ ಅರ್ಧನಾರೀಶ್ವರ. ಒಂದೇ ಮೈಯಲ್ಲಿ ಇಬ್ಬರಿಗೂ ಜಾಗ ಇದೆ ಎಂದು ಅರ್ಥ. ಇದನ್ನೆಲ್ಲ ನಾನು ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಟೈಪ್ ಮಾಡಿ ತರುತ್ತಿದ್ದೆ. ಮುಂದಿನ ವಾರಕ್ಕೆ ಅರ್ಥ ಬದಲಾಗಿರುತ್ತಿತ್ತು. ಮೋಹಿನಿಯ ಹಾಳೆಯೊಂದನ್ನೇ ನಾಲ್ಕು ಸಲ ಟೈಪ್ ಮಾಡಿದ್ದೇನೆ. ಯಾವುದಾದರೂ ಒಂದಕ್ಕೆ ನಿಲ್ಲು ಎಂದರೆ, "ಕಥೆ ನಿಲ್ಲುತ್ತಾ?" ಎಂದು ನನ್ನನ್ನೇ ಕೇಳುತ್ತಿದ್ದಳು.

ಇಲ್ಲದ ಐದು ಎಲೆಗಳನ್ನು ತಾನೇ ಬರೆಯಲು ಹೊರಟಳು. ಹಳೇ ಲಗ್ನಪತ್ರಿಕೆಗಳ ಬೆನ್ನಿಗೆ ಡ್ರಾಯಿಂಗ್ ಹಾಳೆ ಅಂಟಿಸಿ ಅದರ ಮೇಲೆ ಬಣ್ಣ. ಕಳೆದುಹೋದವುಗಳಲ್ಲಿ ಪ್ರೇಮಿಗಳ ಎಲೆಯೂ ಒಂದು. ಅದಕ್ಕೆ ಕಥೆ ಕೊಟ್ಟವಳು ನಾನು. ನನ್ನ ಅಜ್ಜಿ ಹೇಳುತ್ತಿದ್ದ ಕಥೆ. ಒಬ್ಬ ಪಾಳೆಯಗಾರ ಮದುವೆಗೆ ತಾನು ಬರಲಾರದೆ ತನ್ನ ಕತ್ತಿಯನ್ನು ಕಳಿಸುತ್ತಾನೆ. ಹಿಂದೆ ಹಾಗೆ ಕತ್ತಿಗೇ ಧಾರೆ ಎರೆದು ಹೆಣ್ಣನ್ನು ಕಳಿಸಿಕೊಡುತ್ತಿದ್ದರಂತೆ. ಕತ್ತಿ ತಂದ ಸವಾರ ಮದುಮಗಳನ್ನು ಕರೆದುಕೊಂಡು ಹೊಳೆ ದಾಟುವಾಗ ಮುಂಡಾಸು ಜಾರಿ ಬೀಳುತ್ತದೆ. ಉದ್ದನೆಯ ಜಡೆ ಬಿಚ್ಚಿಕೊಳ್ಳುತ್ತದೆ. ಸವಾರ ಹೆಣ್ಣು. ಮದುಮಗಳು ಮುಂಡಾಸನ್ನು ನೀರಿನಿಂದೆತ್ತಿ, ಹಿಂಡಿ, ತಾನೇ ಅವಳ ತಲೆಗೆ ಸುತ್ತಿ, "ಕೋಟೆ ದಾರಿ ಬೇಡ, ಕಾಡಿನ ದಾರಿ ಹಿಡಿ" ಅಂದಳಂತೆ. ಆಮೇಲೇನಾಯ್ತು ಎಂದು ಕೇಳಿದರೆ ಅಜ್ಜಿ, "ಆಮೇಲೇನು, ಒಲೆ ಹಚ್ಚಿದ್ರು, ಉಂಡ್ರು" ಎಂದು ಮುಗಿಸುತ್ತಿದ್ದಳು. ಹೊಳೆಯ ನಡುವೆ ಒಬ್ಬಳು ಇನ್ನೊಬ್ಬಳಿಗೆ ಮುಂಡಾಸು ಸುತ್ತುತ್ತಿರುವ ಆ ಚಿತ್ರ ಬರೆಯಲು ಅವಳಿಗೆ ಮೂರು ವಾರ ಹಿಡಿಯಿತು. ಅಷ್ಟು ಚೆನ್ನಾದ ಕೆಲಸವನ್ನು ಅವಳು ಮತ್ತೆ ಮಾಡಲಿಲ್ಲ.

ಒಂದು ಶನಿವಾರ ಮನೆ ಒಡತಿ ಕಿಟಕಿಯಿಂದ ನೋಡಿದರು. "ಇಸ್ಪೀಟು ಆಡೋ ಹೆಣ್ಮಕ್ಕಳಿಗೆ ಮನೆ ಕೊಟ್ಟಿಲ್ಲಮ್ಮ ನಾನು," ಅಂದರು.

"ಇಸ್ಪೀಟಲ್ಲ ಅಮ್ಮ, ಭವಿಷ್ಯ ನೋಡೋದು," ಅಂದಳು ನನ್ನ ಜಾಣೆ.

ಆ ಒಂದು ಮಾತಿನಿಂದ ನಮ್ಮ ಶನಿವಾರಗಳು ಹೋದವು. ಮುಂದಿನ ವಾರ ಮನೆ ಒಡತಿ ಓರಗಿತ್ತಿಯನ್ನು ಕರೆತಂದರು. ಅದರ ಮುಂದಿನ ವಾರ ಓರಗಿತ್ತಿಯ ಪಕ್ಕದ ಮನೆಯವರು. ಇವಳು ಎಲ್ಲರಿಗೂ ತನ್ನ ಅರ್ಥಗಳನ್ನು ಶ್ರದ್ಧೆಯಿಂದ ಹೇಳುತ್ತಿದ್ದಳು. ಗಂಡು ಹೆಣ್ಣು ಎಂಬುದು ಹೊಳೆಯ ಎರಡು ದಡ, ಮಧ್ಯದಲ್ಲಿ ನೀರೂ ಇದೆ, ಹೀಗೆ. ಅವರು ತಾಳ್ಮೆಯಿಂದ ಕೇಳಿ, "ಅದಿರ್ಲಿ, ನನ್ನ ಮಗಂಗೆ ಬ್ಯಾಂಕ್ ಕೆಲಸ ಸಿಗುತ್ತಾ?" ಅನ್ನುತ್ತಿದ್ದರು. ಅರ್ಧನಾರೀಶ್ವರ ಬಂದರೆ, ಗಂಡ ಹೆಂಡತಿ ಹೊಂದಿಕೊಳ್ಳುತ್ತಾರೆ ಎಂದು ತಾವೇ ಅರ್ಥ ಮಾಡಿಕೊಂಡು, ಎಲೆಗೆ ಕುಂಕುಮವಿಟ್ಟು ಹೋಗುತ್ತಿದ್ದರು. ನಾನು ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತ ಕೂತಿರುತ್ತಿದ್ದೆ. ಆ ವರ್ಷ ನಿಜವಾಗಿಯೂ ಎರಡು ಸ್ವೆಟರ್ ಮುಗಿದವು.

ಸುದ್ದಿ ಹಾಲಿನ ಬೂತಿನ ಸಾಲಿನಲ್ಲಿ ನಮ್ಮಮ್ಮನ ಕಿವಿಗೆ ಬಿತ್ತು. "ನಿನ್ನ ಫ್ರೆಂಡು ಚೀಟಿ ನೋಡ್ತಾಳಂತೆ, ಇಷ್ಟು ದಿನ ಹೇಳ್ಬಾರ್ದಾ?" ಎಂದು ಭಾನುವಾರ ಅವಳನ್ನು ಊಟಕ್ಕೆ ಕರೆಸಿದರು. ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಕೂತರು.

"ನೋಡಮ್ಮ, ಇವಳಿಗೆ ಯಾವಾಗ ಮದುವೆ ಆಗುತ್ತೆ, ಅದೊಂದು ಹೇಳು ಸಾಕು."

ನಾನು ಅಮ್ಮನ ಹಿಂದೆ ನಿಂತು, ಏನೂ ಕಾಣಿಸುತ್ತಿಲ್ಲ ಅನ್ನು ಎಂದು ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅಮ್ಮ ಎತ್ತಿದ ಎಲೆ ಕತ್ತಿ ತಂದವಳದು. ತಾನಾಗಿಯೇ ಬಂತು ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ನಾನು ಇವತ್ತಿಗೂ ನಂಬಿಲ್ಲ.

"ಇದರಲ್ಲಿ ಗಂಡು ಯಾರಮ್ಮ?" ಅಮ್ಮ ಕನ್ನಡಕ ಸರಿಮಾಡಿಕೊಂಡರು.

"ಗಂಡು ಇಲ್ಲಮ್ಮ, ಇಬ್ರೂ ಹೆಂಗಸರೇ. ಒಂದೇ ಮನೇಲಿ ಪ್ರೀತಿಯಿಂದ ಬಾಳ್ತಾರೆ ಅಂತ ಅರ್ಥ."

ಅಮ್ಮ ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. ಮುಖ ಅರಳಿತು.

"ಅತ್ತೆ ಸೊಸೆ ಅನ್ನು."

ಪೇಪರಿನ ಹಿಂದಿನಿಂದ ಅಪ್ಪ, "ಅದೇ ಮುಖ್ಯ," ಅಂದರು.

ಎರಡು ವಾರದೊಳಗೆ ಬನಶಂಕರಿಯಿಂದ ಒಂದು ಸಂಬಂಧ ಬಂತು. ಒಬ್ಬನೇ ಮಗ, ವಿಧವೆ ತಾಯಿ. ಅತ್ತೆ ಸೊಸೆಯ ಎಲೆಯ ವಿಷಯ ಕೇಳಿ ಆ ತಾಯಿಗೂ ಸಂತೋಷವಾಯಿತಂತೆ. ಹೆಣ್ಣು ನೋಡಲು ಬರುವ ದಿನವೂ ಗೊತ್ತಾಯಿತು. ನಾನು ಯಡಿಯೂರಿಗೆ ಹೋಗಿ ಜಗಳವಾಡಿದೆ.

"ಏನೂ ಇಲ್ಲ ಅನ್ನೋಕೆ ನಿನಗೇನಾಗಿತ್ತು?"

"ನಾನು ನಿಜಾನೇ ಹೇಳ್ದೆ. ಅವರಿಗೆ ಅರ್ಥ ಆಗ್ಲಿಲ್ಲ. ಈಗ ನೀನು ಹೇಳು."

"ನಿನಗೇನು, ಹೇಳಿಬಿಟ್ಟು ಇಲ್ಲಿ ಬಂದು ಕೂತ್ಕೊತೀಯ. ಆ ಮನೇಲಿರೋಳು ನಾನು."

"ಹಾಗಾದ್ರೆ ಆ ಮನೇಲೇ ಇರು," ಅಂದಳು. ಹೆಣಿಗೆಯ ಚೀಲ ಎತ್ತಿಕೊಂಡು ಬಂದುಬಿಟ್ಟೆ.

ಮೂರು ದಿನ ಒದ್ದಾಡಿದೆ. ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ಹಿತ್ತಲಲ್ಲಿ ನೆನೆಸಿದ ಅವರೆಕಾಳು ಹಿಚುಕುತ್ತ ಕೂತಿದ್ದರು. ನಾನೂ ಹೋಗಿ ಎದುರಿಗೆ ಕೂತು ಕೈ ಹಾಕಿದೆ.

"ಅಮ್ಮ, ಆ ಚಿತ್ರದಲ್ಲಿರೋದು ಅತ್ತೆ ಸೊಸೆ ಅಲ್ಲ. ನಾನು, ಅವಳು."

ಅಮ್ಮನ ಬೆರಳು ನಿಲ್ಲಲಿಲ್ಲ. ಇನ್ನಷ್ಟು ಕಾಳು ಹಿಚುಕಿದ ಮೇಲೆ ಕೇಳಿದರು: "ಹಾಗಂತ ಚೀಟೀಲಿ ಬಂತಾ, ಇಲ್ಲಾ ನೀವೇ ಮಾಡ್ಕೊಂಡ್ರಾ?"

"ಚೀಟೀನೂ ನಾವೇ ಮಾಡಿದ್ದಮ್ಮ."

"ಗಂಡಿನ ಕಡೆಯವರಿಗೆ ಏನು ಹೇಳ್ಲಿ ಈಗ?"

ಅಷ್ಟೇ. ಅತ್ತುಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಡಬ್ಬಿ ಮಾತ್ರ ದಿನವೂ ಕಟ್ಟಿಟ್ಟಿರುತ್ತಿತ್ತು. ಬನಶಂಕರಿಯವರಿಗೆ ಅವರು ಹೇಳಿ ಕಳಿಸಿದ ಮಾತು ನನಗೆ ಆಮೇಲೆ ತಿಳಿಯಿತು: "ಚೀಟೀಲಿ ಇನ್ನೊಂದು ಸಲ ನೋಡಿಸಿದ್ವಿ. ಇವಳಿಗೆ ಮದುವೆ ಯೋಗ ಇಲ್ವಂತೆ." ನೆಂಟರಿಗೂ, ಅಕ್ಕಪಕ್ಕದವರಿಗೂ, ದೇವಸ್ಥಾನದಲ್ಲಿ ಸಿಕ್ಕವರಿಗೂ ಅದೇ ಮಾತು. ಯಾವ ಎಲೆಯೂ ಹಾಗೆ ಹೇಳಿರಲಿಲ್ಲ. ಮೂರು ವಾರ ಕೂತು ಬರೆದ ಚಿತ್ರಕ್ಕೆ ಇದಾ ಅರ್ಥ ಎಂದು ನನಗೆ ಮೈಯುರಿಯುತ್ತಿತ್ತು. ಒಂದು ಸಲ ಕೇಳಿಯೂಬಿಟ್ಟೆ.

"ಅದರ ಅರ್ಥ ನಿನಗೆ ಗೊತ್ತಲ್ಲ, ಸಾಕು," ಅಂದರು ಅಮ್ಮ. "ನನಗೆ ಜನಕ್ಕೆ ಹೇಳೋಕೆ ಒಂದು ಮಾತು ಬೇಕು."

ಯಡಿಯೂರಿನ ಜಗಳ ಮುಗಿಯಲು ತಿಂಗಳು ಹಿಡಿಯಿತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವಿಬ್ಬರೂ ಜೆ.ಪಿ. ನಗರದಲ್ಲಿ ಒಂದು ಮನೆ ಹಿಡಿದೆವು. ಸುತ್ತ ಖಾಲಿ ಸೈಟುಗಳು, ಬಸ್ಸು ಯಾವಾಗಲೋ ಒಂದು. ಹಾಲುಕ್ಕಿಸುವ ದಿನ ಅಮ್ಮ ಬಂದರು. ಅಡುಗೆಮನೆಯ ಗೂಡುಗಳನ್ನೆಲ್ಲ ನೋಡಿ, ಸಾರಿನ ಪುಡಿ ಎಲ್ಲಿಡಬೇಕು ಎಂದು ಇವಳಿಗೆ ಗದರಿಸಿ ಹೋದರು. ಅಪ್ಪ ಬರಲಿಲ್ಲ. ಕೊನೆಯವರೆಗೂ ಆ ಮನೆಗೆ ಬರಲಿಲ್ಲ.

ಮನೆ ಹಿಡಿದ ವರ್ಷವೇ ರೇಷನ್ ಕಾರ್ಡಿಗೆ ಹೋದೆವು. ಗುಮಾಸ್ತ ಮೊದಲು ಇವಳ ಹೆಸರು ಬರೆದುಕೊಂಡು, ನನ್ನ ಕಡೆ ಪೆನ್ನು ತೋರಿಸಿ ಕೇಳಿದ: "ಇವರು ನಿಮಗೆ ಏನಾಗ್ಬೇಕು ಮೇಡಂ?"

"ಗೆಳತಿ," ಅಂದಳು ಇವಳು.

"ಆ ಥರ ಎಲ್ಲಾ ಬರೆಯೋಕಾಗಲ್ಲ. ಸಂಬಂಧ ಏನು ಹೇಳಿ."

ಇವಳು ಮತ್ತೆ ಗೆಳತಿ ಅಂದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗಲು ಶುರುಮಾಡಿದರು. ಗುಮಾಸ್ತ ನಮ್ಮಿಬ್ಬರ ಮುಖ ನೋಡಿ, ತಂಗಿ ಎಂದು ಬರೆದ. ಆಗ ನಾನು ಬಾಯಿ ತೆರೆದೆ. ಏನೇನೋ ಹೇಳಬಹುದಿತ್ತು. ಹೇಳಿದ್ದು ಮಾತ್ರ, "ನಾನು ಇವಳಿಗಿಂತ ಎರಡು ವರ್ಷ ದೊಡ್ಡೋಳು ಸಾರ್."

"ಹಾಗಾದ್ರೆ ಅಕ್ಕ ಅಂತ ಹಾಕ್ತೀನಿ. ಸರೀನಾ?"

"ಸರಿಯಿಲ್ಲ," ಅಂದೆ. ಅಷ್ಟರಲ್ಲಿ ಅವನು ತಿದ್ದಿ, ಮುದ್ರೆ ಒತ್ತಿ, ಮುಂದಿನವರನ್ನು ಕರೆದಾಗಿತ್ತು. ಹೊರಗೆ ಬಂದ ಮೇಲೆ ಇವಳು ಫುಟ್‌ಪಾತಿನ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಮನೆ ಮುಟ್ಟುವವರೆಗೂ ಅವಳ ಜೊತೆ ಮಾತಾಡಲಿಲ್ಲ.