ಮಹಾಲಿಂಗಪ್ಪನ ಬಾವಿ, ದಾನವ್ವನ ಹೂರಣ

ನಮ್ಮ ಹತ್ತಿಮತ್ತೂರಿನ ದಾನವ್ವ ಮೂವತ್ತು ವರ್ಷ ಮದುವೆಮನೆಗಳಲ್ಲಿ ಅಡಿಗೆ ಮಾಡಿದಳು. ಯಾವ ಊರಿಗೆ ಹೋದರೂ ಮೊದಲು ಅಲ್ಲಿಯ ನೀರಿನಲ್ಲಿ ಒಂದು ಹಿಡಿ ಕಡಲೆಬೇಳೆ ಕುದಿಸಿ ನೋಡುವಳು. ಬೇಳೆ ಬೆರಳಿಗೆ ನುರಿದರೆ ಸೈ, ಇಲ್ಲವಾದರೆ ಬೇರೆ ನೀರು ತರಿಸಿ ಎನ್ನುವಳು. ಇಂಥ ಹೆಂಗಸನ್ನು ನಮ್ಮೂರು ಮೂಲೆಗೆ ಕೂರಿಸಿತು, ಅದೂ ವಿಜ್ಞಾನದ ಹೆಸರಿನಲ್ಲಿ. ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

೧೯೩೮ರ ಬೇಸಿಗೆ. ಕೆರೆ ಬತ್ತಿತ್ತು. ಜಮೀನುದಾರ ಮಹಾಲಿಂಗಪ್ಪ ಹಿತ್ತಿಲಲ್ಲಿ ಬಂಡೆ ಒಡೆಸಿ ಬಾವಿ ತೋಡಿಸಿದ್ದ. ಮಗಳ ಮದುವೆಯ ಅಡಿಗೆಯೆಲ್ಲ ಇದೇ ನೀರಿನಲ್ಲಿ ಎಂದು ಊರ ತುಂಬ ಸಾರಿಬಿಟ್ಟ. ದಾನವ್ವ ಹಿಡಿ ಬೇಳೆ ಕುದಿಸಿದಳು. ಎರಡು ತಾಸಾದರೂ ಬೇಳೆ ಕಲ್ಲಾಗಿಯೇ ಇತ್ತು. ಈ ನೀರು ಗಡಸು, ಹೂರಣ ಆಗುವುದಿಲ್ಲ ಎಂದಳು.

ಮಹಾಲಿಂಗಪ್ಪನಿಗೆ ಬಾವಿಯನ್ನು ಹಳಿದರೆ ಅಪ್ಪನನ್ನು ಹಳಿದಂತೆ. ಊರ ಶಾಲೆಯ ಕರಬಸಪ್ಪ ಮಾಸ್ತರರನ್ನು ಕರೆಸಿದ. ಅವರು ಧಾರವಾಡದಲ್ಲಿ ಓದುವಾಗ ರಸಾಯನಶಾಸ್ತ್ರದ ಮೊದಲ ಪುಟವನ್ನು ಬಾಯಿಪಾಠ ಮಾಡಿದವರು. ಎರಡನೆಯ ಪುಟದ ಹೊತ್ತಿಗೆ ನೌಕರಿ ಸಿಕ್ಕಿತ್ತು. ನೀರೆಂದರೆ ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ. ಗಂಗೆಯಲ್ಲೂ ಅಷ್ಟೇ, ಹತ್ತಿಮತ್ತೂರಿನಲ್ಲೂ ಅಷ್ಟೇ. ತಪ್ಪು ಮುದುಕಿಯ ಕೈಯದು ಎಂದು ತೀರ್ಪು ಕೊಟ್ಟರು.

ದಾನವ್ವ ಒಂದು ಬೋಗುಣಿ ಬಾವಿನೀರನ್ನು ಅವರೆದುರೇ ಕುದಿಸಿ ಬತ್ತಿಸಿದಳು. ತಳದಲ್ಲಿ ಬೆಳ್ಳಗೆ ಪುಡಿ ಹತ್ತಿತ್ತು.

“ಎರಡು ಪಾಲು, ಒಂದು ಪಾಲು ಅಂದ್ರಿ. ಇದು ಯಾರ ಪಾಲ್ರಿ, ಮಾಸ್ತರ?”

ಪಾತ್ರೆ ಸರಿಯಾಗಿ ತಿಕ್ಕಿಲ್ಲ ಎಂದರು ಮಾಸ್ತರರು.

ಅದು ಸುಣ್ಣ. ನೀರಿನ ದೊಡ್ಡ ಗುಣವೇ ಮುಟ್ಟಿದ್ದನ್ನೆಲ್ಲ ಒಂದಿಷ್ಟು ಕರಗಿಸಿಕೊಳ್ಳುವುದು. ಅದರಿಂದಲೇ ಮಣ್ಣಿನ ಸತ್ವ ಜೋಳದ ತೆನೆಗೆ ಏರುತ್ತದೆ, ಉಂಡದ್ದು ರಕ್ತಕ್ಕೆ ಸೇರುತ್ತದೆ. ಬಂಡೆಯ ಸುಣ್ಣ ಹೊತ್ತು ಬಂದಾಗ ಮಾತ್ರ ಬೇಳೆ ಬಿಗಿದುಕೊಳ್ಳುತ್ತದೆ, ಸಾಬೂನು ನೊರೆ ಬಿಡುವುದಿಲ್ಲ. ಇದೆಲ್ಲ ಎರಡನೆಯ ಪುಟದಲ್ಲಿತ್ತು.

ಹೂರಣ ಕೆಟ್ಟರೆ ನಿನಗೆ ಇನ್ನು ಸೌಟಿಲ್ಲ, ಸವಣೂರಿನ ಅಡಿಗೆಯವರನ್ನು ಕರೆಸುತ್ತೇನೆ ಎಂದ ಮಹಾಲಿಂಗಪ್ಪ. ದಾನವ್ವನಿಗೆ ಆ ಸೌಟು ಬಿಟ್ಟರೆ ಬೇರೆ ಅನ್ನವಿರಲಿಲ್ಲ. ಸಿಹಿನೀರು ಉಳಿದಿದ್ದು ಒಂದೇ ಕಡೆ, ಊರ ಹೊರಗಿನ ಕೇರಿಯಲ್ಲಿ ಯಂಕವ್ವನ ಗುಡಿಸಲ ಪಕ್ಕದ ಮಣ್ಣಿನ ಬಾವಿಯಲ್ಲಿ. ಆ ಕೇರಿಯ ನೀರನ್ನು ಊರು ಮುಟ್ಟುತ್ತಿರಲಿಲ್ಲ. ಗೊತ್ತಾದರೆ ಏಟು ತಮಗೇ ಎಂದು ಯಂಕವ್ವ ಹಿಂಜರಿದಳು. ನೀನು ಕೊಟ್ಟಿಲ್ಲ, ನಾನೇ ಸೇದಿದೆ ಎನ್ನುತ್ತೇನೆಂದು ದಾನವ್ವ ಮಾತು ಕೊಟ್ಟು, ಮದುವೆಯ ದಿನ ಊರು ಏಳುವ ಮೊದಲೇ ಹನ್ನೆರಡು ಕೊಡ ಹೊತ್ತಳು.

ಹೂರಣ ಬೆಣ್ಣೆಯಾಯಿತು. ಹಿರೇಕೆರೂರಿನ ಬೀಗರು ಎಂಟೆಂಟು ಹೋಳಿಗೆ ಇಳಿಸಿದರು. ಎಲ್ಲ ನಮ್ಮ ಬಾವಿಯ ಮಹಿಮೆ ಎಂದು ಮಹಾಲಿಂಗಪ್ಪ ಮೀಸೆ ತಿರುವಿದ. ಕುಡಿಯಲು ಇಟ್ಟಿದ್ದು ಮಾತ್ರ ಬಾವಿನೀರೇ. ದೊಡ್ಡ ಬೀಗರು ಒಂದು ಗುಟುಕು ಕುಡಿದು ಮುಖ ಕಿವುಚಿ, ಈ ನೀರಲ್ಲಿ ಇಂಥ ಹೂರಣ ಹೇಗಾಯಿತು ಎಂದು ದಾನವ್ವನನ್ನೇ ಕೇಳಿದರು. ಅಡಿಗೆಯ ವಿಷಯದಲ್ಲಿ ಅವಳು ಸುಳ್ಳು ಹೇಳಿದವಳಲ್ಲ.

“ಕೇರಿ ಬಾವಿ ನೀರ್ರಿ. ನಾನ ಸೇದಿ ತಂದೇನಿ.”

ಬೀಗರು ಎಲೆ ಬಿಟ್ಟು ಏಳಹೊರಟರು. ಹೊಟ್ಟೆಗೆ ಇಳಿದ ಹೋಳಿಗೆಯನ್ನು ಏನು ಮಾಡುವುದು? ಮದುವೆ ಮುರಿಯುವ ಹಾಗಾದಾಗ ಮಹಾಲಿಂಗಪ್ಪನಿಗೆ ವಿಜ್ಞಾನ ನೆನಪಾಯಿತು. ಮಾಸ್ತರರು ಎದ್ದು, ಎರಡು ಪಾಲು, ಒಂದು ಪಾಲು, ಯಾವ ಬಾವಿಯದಾದರೂ ನೀರು ಒಂದೇ ಎಂದು ಸಾರಿದರು. ಬೀಗರು ತಲೆಯಾಡಿಸಿದರು. ಎಲೆಯಲ್ಲಿ ಇನ್ನೂ ಹೋಳಿಗೆ ಇತ್ತು.

“ನಿಮ್ಮ ಹೋಳಿಗೀಗೆ ಅವರ ಬಾವಿ ತಳಾ ಕಂಡೈತ್ರಿ,” ಎಂದಳು ದಾನವ್ವ. “ನೀರೆಲ್ಲಾ ಒಂದ ಆದ್ರ, ಇವತ್ತ ಆ ಮಂದಿ ಈ ಬಾವ್ಯಾಗ ಕೊಡ ತುಂಬಿಕೊಳ್ಳಲಿ. ಹೌದಿಲ್ರಿ, ಮಾಸ್ತರ?”

ಮಾಸ್ತರರಿಗೆ ಮುಂದಿನ ಪಾಠ ಬರುತ್ತಿರಲಿಲ್ಲ. ಮಹಾಲಿಂಗಪ್ಪ ಅವಳ ಕೈಯಿಂದ ಸೌಟು ಕಿತ್ತುಕೊಂಡ.

ಬಾವಿಯ ಮಾನಕ್ಕಾಗಿ ಆ ಮನೆಯವರು ವರ್ಷಗಟ್ಟಲೆ ಅರೆಬೆಂದ ಬೇಳೆ ತಿಂದರು. ಊಟದ ಹೊತ್ತಿಗೆ ಬೀದಿಯಲ್ಲಿ ಹಾದರೆ ಕಟಕಟ ಸಪ್ಪಳ ಕೇಳಿಸುತ್ತಿತ್ತು. ದಾನವ್ವನನ್ನು ಮತ್ತೆ ಯಾರೂ ಅಡಿಗೆಗೆ ಕರೆಯಲಿಲ್ಲ. ಹೊಲದ ಕೂಲಿಗೆ ಹೋದಳು.

೧೯೪೬ರಲ್ಲಿ ಅವಳ ಜೀವ ಹೋಗುವಾಗ ಬಾಯಿಗೆ ಬಿಡಲು ಊರವರು ಮಹಾಲಿಂಗಪ್ಪನ ಬಾವಿಯ ನೀರು ತಂದರು. ಬಾಯಿ ಬಿಗಿದುಕೊಂಡಳು. ಯಂಕವ್ವ ತನ್ನ ತಂಬಿಗೆ ಹಿಡಿದು ಒಳಗೆ ಬಂದ ಮೇಲೆ ತೆರೆದಳು.