ಅಮ್ಮನ ಮಡಿಲಿಗೆ ಬಂದ ಹೆಲ್ಮೆಟ್

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಶನಿವಾರ ಮಧ್ಯಾಹ್ನ ಯಾರೂ ಮಲಗುತ್ತಿರಲಿಲ್ಲ. ಡೆಟ್ರಾಯ್ಟ್‌ನಿಂದ ಕಾರಿನಲ್ಲಿ ಒಂದು ಗಂಟೆ ದೂರದ ಸಣ್ಣ ಊರಿನ ಆಸ್ಪತ್ರೆಯಲ್ಲಿ ಅಪ್ಪ ಡಾಕ್ಟರ್. ಊರಿಗೆಲ್ಲ ಒಂದೇ ಕಾಲೇಜು, ಅದಕ್ಕೊಂದು ಫುಟ್‌ಬಾಲ್ ತಂಡ; ಕಾಲಲ್ಲಿ ಒದೆಯುವ ಆಟವಲ್ಲ, ಹೆಲ್ಮೆಟ್ ಹಾಕಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಆ ವರ್ಷ ತಂಡಕ್ಕೆ ಹೊಸ ಹೆಡ್ ಕೋಚ್ ಬಂದಿದ್ದರು. ಆಟದ ದಿನ ಮೈದಾನದ ಅಂಚಿನಲ್ಲಿ ಒಬ್ಬ ಡಾಕ್ಟರ್ ಇರಲೇಬೇಕೆಂದು ಅಪ್ಪನನ್ನು ಕೇಳಿಕೊಂಡವರೂ ಅವರೇ. ಅಪ್ಪನಿಗೆ ಆ ಆಟದ ತಲೆಬುಡ ತಿಳಿಯದು. ಹುಡುಗರ ಮೊಣಕಾಲು, ಬೆರಳು, ಭುಜ ಮಾತ್ರ ಚೆನ್ನಾಗಿ ಗೊತ್ತಿತ್ತು.

ಆ ಸೀಸನ್‌ನಲ್ಲಿ ನಮ್ಮ ತಂಡ ಒಂದು ಆಟವನ್ನೂ ಗೆದ್ದಿರಲಿಲ್ಲ. ಸೆಪ್ಟೆಂಬರಿನಲ್ಲಿ ಕೋಚ್ ಅವರ ಕೈ ಕುಲುಕಲು ಮುಂದೆ ಬರುತ್ತಿದ್ದ ಊರಿನವರೇ, ಅಕ್ಟೋಬರ್ ಮುಗಿಯುವ ಹೊತ್ತಿಗೆ ದಿನಸಿ ಅಂಗಡಿಯಲ್ಲಿ ಅವರನ್ನು ಕಂಡರೆ ಸುಮ್ಮನೆ ಬೇರೆ ಕಡೆ ತಿರುಗುತ್ತಿದ್ದರು. ನಮ್ಮ ಶಾಲೆಯ ಸಿಸ್ಟರ್‌ಗಳು ಕೂಡ ಬೆಳಗಿನ ಪ್ರಾರ್ಥನೆಯಲ್ಲಿ ತಂಡವನ್ನು ಸೇರಿಸಿಕೊಂಡಿದ್ದರು. ನವೆಂಬರಿನ ಕೊನೆಯ ಆಟವನ್ನೂ ಸೋತರೆ ಕೋಚ್ ಕೆಲಸ ಹೋಗುತ್ತದೆ ಎಂದು ಅಕ್ಕ ಸ್ಕೂಲ್ ಬಸ್ಸಿನಲ್ಲಿ ಕೇಳಿಕೊಂಡು ಬಂದಿದ್ದಳು.

ಆ ದಿನ ಎಂಥ ಚಳಿ ಅಂತೀರಿ! ಅಮ್ಮ ರೇಷ್ಮೆ ಸೀರೆಯ ಮೇಲೆ ಅಪ್ಪನ ಹಳೆಯ ಕೋಟು ಹಾಕಿ, ಕಾಲಿಗೆ ಎರಡು ಜೊತೆ ಕಾಲುಚೀಲ ಏರಿಸಿದ್ದಳು. ಬೇಲಿಯ ಪಕ್ಕದ ಮೊದಲ ಸಾಲಿನಲ್ಲಿ ನಾವು ಮೂವರು ಕೂತಿದ್ದೆವು. ಹಲಗೆಯ ತಣುಪು ಲಂಗ ದಾಟಿ ಮೈಗೆ ಹತ್ತುತ್ತಿತ್ತು. ಸುತ್ತಲೂ ಪಾಪ್‌ಕಾರ್ನಿನ, ಸಿಗರೇಟಿನ, ಒದ್ದೆ ಉಣ್ಣೆಯ ವಾಸನೆ. ಅದರ ನಡುವೆ ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಾಗ ನಮ್ಮ ಮನೆಯ ಕಾಫಿಯ ಘಮ.

ಆಶ್ಚರ್ಯವೆಂದರೆ, ಆ ದಿನ ನಮ್ಮವರೇ ಮುಂದಿದ್ದರು. ಚೆಂಡು ಎಸೆಯುವ ಹುಡುಗ ಎಸೆದದ್ದೆಲ್ಲ ಸರಿಯಾದ ಕೈಗೇ ಹೋಗಿ ಬೀಳುತ್ತಿತ್ತು. ಅವನು ನಮಗೆ ಗೊತ್ತಿದ್ದವನು. ಒಮ್ಮೆ ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಮನೆಗೆ ಬಂದಾಗ ಅಮ್ಮ ಕೊಟ್ಟ ಉಪ್ಪಿಟ್ಟಿಗೆ ಕೆಚಪ್ ಸುರಿದುಕೊಂಡು ಎರಡು ತಟ್ಟೆ ತಿಂದಿದ್ದ. ಅಮ್ಮ ಅದನ್ನು ನೋಡಲಾಗದೆ ಒಲೆಯ ಕಡೆ ತಿರುಗಿ ನಿಂತಿದ್ದಳು.

ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರನೆಯದರಲ್ಲಿ ಎದುರಾಳಿ ತಂಡದ ಇಬ್ಬರು ಬಂದು ಅವನಿಗೆ ಗುದ್ದಿದರು. ತಲೆ ನೆಲಕ್ಕೆ ಬಡಿದ ಸದ್ದು ನಮಗೂ ಕೇಳಿಸಿತು. ಅವನು ಎದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವನು ನಿಧಾನವಾಗಿ ನಡೆದು, ತಲೆ ಸೇರಿಸಿ ನಿಂತಿದ್ದ ಎದುರಾಳಿ ತಂಡದ ಗುಂಪಿಗೆ ಹೋಗಿ ಸೇರಿಕೊಂಡ. ಜನ ನಕ್ಕರು. ನಾನೂ ನಕ್ಕೆ. ಅಪ್ಪ ಮಾತ್ರ ಓಡಿದರು.

ಅವನನ್ನು ಅಂಚಿಗೆ ಕರೆತಂದು ಅಪ್ಪ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಏನೇನೋ ಕೇಳಿದರು. ಕೋಚ್ ಬಳಿ ಹೋಗಿ ತಲೆ ಅಡ್ಡಡ್ಡ ಆಡಿಸಿದರು. ಆ ಕಾಲದಲ್ಲಿ ಡಾಕ್ಟರ್ ಬೇಡ ಎಂದರೂ ಆಡಿಸುವುದು ಬಿಡುವುದು ಕೋಚ್ ಇಷ್ಟ. ಅಷ್ಟರಲ್ಲಿ ಹುಡುಗ ಬೆಂಚಿನ ಮೇಲಿದ್ದ ಹೆಲ್ಮೆಟ್ ಕಡೆ ಕೈ ಚಾಚಿದ್ದ. ಹೆಲ್ಮೆಟ್ ಇಲ್ಲದೆ ಯಾರೂ ಆಡುವಂತಿರಲಿಲ್ಲ; ಅಪ್ಪ ಅದನ್ನು ಎತ್ತಿಕೊಂಡು ನೇರ ನಮ್ಮ ಬೇಲಿಯ ಬಳಿ ಬಂದರು.

"ಇದನ್ನ ಯಾರು ಕೇಳಿದ್ರೂ ಕೊಡ್ಬೇಡ," ಎಂದು ಅಮ್ಮನ ಮಡಿಲಲ್ಲಿ ಇಟ್ಟು ಹೊರಟೇಹೋದರು.

ಹೆಲ್ಮೆಟ್ ನಾನಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಅದರ ಒಂದು ಬದಿಗೆ ಎದುರಾಳಿಗಳ ಕೆಂಪು ಬಣ್ಣ ಉಜ್ಜಿ ಹತ್ತಿತ್ತು, ಮುಂದಿನ ಕಂಬಿಗೆ ಮಣ್ಣಿನ ಸಮೇತ ಹುಲ್ಲು ಸಿಕ್ಕಿಕೊಂಡಿತ್ತು. ಒಳಗಿನ ಚರ್ಮ ಬೆವರಿಗೆ ಇನ್ನೂ ಬೆಚ್ಚಗಿತ್ತು. ಅಮ್ಮ ಕೋಟಿನೊಳಗಿಂದ ಸೆರಗು ಎಳೆದು ಅದನ್ನು ಪೂರ್ತಿ ಮುಚ್ಚಿದಳು.

ಮೊದಲು ಬಂದವನು ಹುಡುಗನೇ. ಬೇಲಿ ಹಿಡಿದು ನಿಂತು, ತನ್ನ ಹೆಲ್ಮೆಟ್ ಕೊಡಿ ಎಂದು ತುಂಬ ಮರ್ಯಾದೆಯಿಂದ ಕೇಳಿದ. ಅಮ್ಮನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ಕನ್ನಡ.

"ಬೇಡ ಮಗು. ಕೂತ್ಕೋ."

ಅವನು ಬೇಲಿಯ ಬುಡದಲ್ಲೇ ಕೂತುಬಿಟ್ಟ. ಅವನ ಬೆನ್ನಿಗೇ ಕೋಚ್ ಅವರ ಸಹಾಯಕ, ದಪ್ಪ ಕುತ್ತಿಗೆಯ ಒಬ್ಬಾತ, ಬಂದು ಗದರಿದ. ಅಮ್ಮ ಎರಡೂ ಕೈ ಸೆರಗಿನ ಮೇಲಿಟ್ಟುಕೊಂಡಳು. ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು, ಯಾರೋ ಕೂಗಿ ಏನೋ ಅಂದರು. ಅಕ್ಕನ ಮುಖ ಕೆಂಪಾಯಿತು.

"ಅಮ್ಮಾ, ಎಲ್ರೂ ನಮ್ಮನ್ನೇ ನೋಡ್ತಿದಾರೆ. ಕೊಟ್ಬಿಡು."

"ನೋಡ್ಲಿ ಬಿಡು," ಎಂದಳು ಅಮ್ಮ.

ಕೊನೆಗೆ ಕೋಚ್ ಅವರೇ ಬಂದರು. ಅವರ ಹಿಂದೆ ಅಪ್ಪ. ಅಷ್ಟು ಹೊತ್ತಿಗೆ ಎದುರಾಳಿಗಳು ಅಂಕಗಳಲ್ಲಿ ನಮ್ಮನ್ನು ಮುಟ್ಟುವಷ್ಟು ಹತ್ತಿರ ಬಂದಿದ್ದರು. ಕೋಚ್ ಅಮ್ಮನನ್ನು ಏನೂ ಕೇಳಲಿಲ್ಲ. ಹುಡುಗನ ಮುಂದೆ ಒಂದು ಮೊಣಕಾಲೂರಿ ಕೂತು, ಮುಂದಿನ ವಾರ ನಮ್ಮ ಆಟ ಯಾರ ಜೊತೆ ಎಂದು ಮೆತ್ತಗೆ ಕೇಳಿದರು. ಹುಡುಗ ನಗುತ್ತಾ ಪಕ್ಕದೂರಿನ ಕಾಲೇಜಿನ ಹೆಸರು ಹೇಳಿದ, ಗೆಲ್ಲುತ್ತೇವೆ ಕೋಚ್ ಎಂದೂ ಸೇರಿಸಿದ.

ಮುಂದಿನ ವಾರ ಎನ್ನುವುದೇ ಇರಲಿಲ್ಲ. ಅದು ಕೊನೆಯ ಆಟ.

ಕೋಚ್ ಹುಡುಗನ ಭುಜ ತಟ್ಟಿದರು. ಎದ್ದಾಗ ಪ್ಯಾಂಟಿನ ಮಂಡಿಯ ಮೇಲೆ ಕೆಸರಿನ ದುಂಡನೆಯ ಗುರುತು. ಹುಡುಗನನ್ನು ಕರೆದುಕೊಂಡು ಹೋಗಿ ಎಂದು ಅಪ್ಪನಿಗೆ ಹೇಳಿ, ಅಮ್ಮನಿಗೆ ಟೋಪಿ ಮುಟ್ಟಿ ನಮಸ್ಕಾರ ಮಾಡಿ, ಇಡೀ ಸೀಸನ್ ಬೆಂಚಿನಲ್ಲೇ ಕೂತಿದ್ದ ಇನ್ನೊಬ್ಬನನ್ನು ಆಡಲು ಕಳಿಸಿದರು.

ಸೋತೆವು. ಆಟ ಮುಗಿದು ಕೋಚ್ ಒಬ್ಬರೇ ಮೈದಾನ ದಾಟುವಾಗ ಜನ ಛೀಮಾರಿ ಹಾಕಿದರು. ಯಾರೋ ಎಸೆದ ಪಾಪ್‌ಕಾರ್ನ್ ಅವರ ಭುಜದ ಮೇಲೆ ಬಿತ್ತು, ಅವರು ಕೊಡವಿಕೊಳ್ಳಲಿಲ್ಲ.

ಹುಡುಗನ ತಲೆಯೊಳಗೆ ರಕ್ತ ಒಸರುತ್ತಿತ್ತು. ಅಂದು ಸಂಜೆಯೇ ಡೆಟ್ರಾಯ್ಟ್‌ನ ದೊಡ್ಡ ಆಸ್ಪತ್ರೆಗೆ ಸಾಗಿಸಿ ಆಪರೇಷನ್ ಮಾಡಿದರು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಕಷ್ಟವಿತ್ತು ಎಂದಷ್ಟೇ ಅಪ್ಪ ಮನೆಯಲ್ಲಿ ಹೇಳಿದರು. ಮರುದಿನ ಅಪ್ಪ ಅಲ್ಲಿಗೆ ಹೋದಾಗ ಕಾರಿಡಾರಿನಲ್ಲಿ ಅವನ ತಾಯಿಯ ಪಕ್ಕ ಕೋಚ್ ಕೂತಿದ್ದರಂತೆ, ಅದೇ ಕೆಸರಿನ ಪ್ಯಾಂಟಿನಲ್ಲಿ. ಹುಡುಗ ಬದುಕಿದ. ಆದರೆ ಮತ್ತೆಂದೂ ಆಡಲಿಲ್ಲ. ಕ್ರಿಸ್‌ಮಸ್‌ಗೆ ಮೊದಲೇ ಕೋಚ್ ಕೆಲಸ ಹೋಯಿತು. ಅವರ ಬಾಡಿಗೆ ಮನೆಯ ಮುಂದೆ ಸಾಮಾನಿನ ಗಾಡಿ ನಿಂತದ್ದನ್ನು ನಾನು ಬಸ್ಸಿನ ಕಿಟಕಿಯಿಂದ ಕಂಡೆ.

ಈಗ ನಾನು ನೇಪರ್‌ವಿಲ್ ಊರಿನಲ್ಲಿ, ಮೊಮ್ಮಕ್ಕಳೇ, ನಿಮ್ಮ ಮನೆಯ ಬೇಸ್‌ಮೆಂಟಿನ ಮೆತ್ತನೆಯ ಸೋಫಾದಲ್ಲಿ ಕೂತು ಆಟ ನೋಡುತ್ತೇನೆ. ನಿಮ್ಮ ಅಕ್ಕ ಓದುವ ಕಾಲೇಜಿಗೂ ಈ ವರ್ಷ ಹೊಸ ಕೋಚ್. ಈಗ ಪೆಟ್ಟು ಬಿದ್ದ ಹುಡುಗನನ್ನು ಪುಟ್ಟ ಡೇರೆಯೊಳಗೆ ಕರೆದೊಯ್ದು ಪರೀಕ್ಷಿಸುತ್ತಾರೆ, ಡಾಕ್ಟರ್ ಬೇಡ ಎಂದರೆ ಮುಗಿಯಿತು, ಕೋಚ್ ಕೂಡ ಎದುರಾಡುವ ಹಾಗಿಲ್ಲ. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವೋ. ನೀವು ಮಾತ್ರ ಎರಡು ಆಟ ಸೋಲುತ್ತಿದ್ದ ಹಾಗೇ "ಫೈರ್ ಹಿಮ್!" ಎಂದು ಕೋಚನ್ನು ಕೆಲಸದಿಂದ ಕಿತ್ತುಹಾಕಲು ಕೂಗಿ ಟಿವಿಗೆ ದಿಂಬು ಎಸೆಯುತ್ತೀರಿ.

ಕಳೆದ ಶನಿವಾರ ಎದುರಾಳಿ ತಂಡದ ಹುಡುಗನೊಬ್ಬ ಬಿದ್ದು ಏಳಲೇ ಇಲ್ಲ. ನಿಮ್ಮಲ್ಲಿ ದೊಡ್ಡವರು ಫೋನ್ ತೆಗೆದುಕೊಂಡು ಚಿಪ್ಸ್ ತರಲು ಮೇಲೆ ಹೋದಿರಿ. ಚಿಕ್ಕವನು ನನ್ನ ಪಕ್ಕಕ್ಕೆ ಸರಿದು, "ಅಜ್ಜಿ, ಈಸ್ ಹಿ ಓಕೆ?" ಎಂದು ಕೇಳಿದ. ಗೊತ್ತಿಲ್ಲ ಕಂದ, ನೋಡೋಣ ಎಂದೆ. ಆ ಹುಡುಗ ಎದ್ದು ಕೂರುವವರೆಗೆ ನಾವಿಬ್ಬರೂ ಕಣ್ಣು ಕದಲಿಸಲಿಲ್ಲ.