ಹಗುರವಾದ ಗಾಲಿಕುರ್ಚಿ

ಕಚೇರಿಯಲ್ಲಿ ಅವನಿಗೆ 'ಕತ್ತರಿ' ಎಂದೇ ಅಡ್ಡಹೆಸರು. ಯಾವ ಯಂತ್ರದ ಭಾಗವನ್ನು ಕೊಟ್ಟರೂ ಕಂಪ್ಯೂಟರಿನಲ್ಲಿ ಅದರ ಮೈ ಕರಗಿಸಿ, ಗಟ್ಟಿತನ ಮಾತ್ರ ಉಳಿಸಿಕೊಡುವುದು ಅವನ ಕೆಲಸ. ಎಲ್ಲೆಲ್ಲಿ ಎಷ್ಟು ಭಾರ ಬೀಳುತ್ತದೆಂದು ಹೇಳಿಬಿಟ್ಟರೆ ಸಾಕು, ಭಾರ ಹೊರದ ಲೋಹವನ್ನೆಲ್ಲ ಪ್ರೋಗ್ರಾಮು ಸ್ವಲ್ಪಸ್ವಲ್ಪವಾಗಿ ತೆಗೆದುಹಾಕುತ್ತದೆ. ಹೇಳದೆ ಬಿಟ್ಟ ಭಾರ ಅದರ ಪಾಲಿಗೆ ಇಲ್ಲವೇ ಇಲ್ಲ. ಹೊಸಬರಿಗೆ ಈ ಪಾಠ ಹೇಳುತ್ತಿದ್ದವನೂ ಅವನೇ, ಪುಣ್ಯಾತ್ಮ.

ತಂಗಿಗೆ ಹುಟ್ಟಿನಿಂದ ನಡೆಯಲು ಬಾರದು. ಅವಳ ಗಾಲಿಕುರ್ಚಿಯೋ ಹೆಣಭಾರ. ಗ್ರಂಥಾಲಯದ ಕೆಲಸಕ್ಕೆ ಅವಳನ್ನು ದಿನವೂ ಕರೆದೊಯ್ಯುತ್ತಿದ್ದವಳು ಅಮ್ಮ. ಅಮ್ಮನಿಗೆ ತಳ್ಳುವ ಕಷ್ಟ ತಪ್ಪಲಿ ಎಂದು ಅವನು ಹೊಸ ಕುರ್ಚಿಗೆ ಕೈಹಾಕಿದ. ತಂಗಿಯ ತೂಕ, ರಸ್ತೆಯ ಗುಂಡಿ, ಮೆಟ್ಟಿಲಿನ ಏಟು, ಹಿಂದಿನಿಂದ ತಳ್ಳುವ ಬಲ, ಎಲ್ಲವನ್ನೂ ಲೆಕ್ಕಕ್ಕೆ ಕೊಟ್ಟ. ತಳ್ಳುವ ಹಿಡಿಗಳ ಬುಡ ಕಿರುಬೆರಳಿನಷ್ಟು ಸಣ್ಣಗಾಯಿತು. ಪರಿಚಯದ ವೆಲ್ಡರ್ ಅದನ್ನು ಮಾಡಿಕೊಟ್ಟಾಗ ತಂಗಿ ಗರ್ರನೆ ಗಾಲಿ ತಿರುಗಿಸಿ ನಕ್ಕಳು. "ಗಾಳಿ ಬಂದ್ರೆ ಹಾರ್ಹೋಗತ್ತೆ, ಕಟ್ಟಿಹಾಕ್ಬೇಕು ಕಣೋ ಅಣ್ಣ!"

ಅಮ್ಮ ಮಾತ್ರ ಹಿಡಿಗಳನ್ನು ಮುಟ್ಟಿ ನೋಡಿ, "ಹಳೇದೂ ಚೆನ್ನಾಗೇ ಇತ್ತಲ್ಲೋ," ಎಂದಳು. ಇಷ್ಟು ಮಾಡಿದರೂ ಒಂದು ಒಳ್ಳೆ ಮಾತಿಲ್ಲವಲ್ಲ ಎಂದು ಅವನು ಮುಖ ಊದಿಸಿಕೊಂಡ.

ಗ್ರಂಥಾಲಯದ ಎದುರಿನ ಇಳಿಜಾರಿನಲ್ಲಿ ಎಡಗಡೆಯ ಹಿಡಿ ಮುರಿಯಿತು. ತಂಗಿ ಬ್ರೇಕು ಹಾಕಿಕೊಂಡು ಉಳಿದಳು. ಅಮ್ಮ ಕಲ್ಲುಹಾಸಿನ ಮೇಲೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಇನ್ನು ಎದ್ದು ಓಡಾಡುವ ಆಸೆ ಬೇಡ ಎಂದರು ವೈದ್ಯರು.

"ತಳ್ಳಿದ್ರೆ ಮುರಿಯೋ ಹಿಡಿ ಅಲ್ವಲ್ಲ ಅದು?" ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು ತಂಗಿಯನ್ನು ಕೇಳಿದ.

"ಅಮ್ಮ ಎಲ್ಲಿ ತಳ್ತಿದ್ಲು? ಗಾಲಿ ನಾನೇ ತಿರುಗಿಸ್ತಿದ್ದೆ. ಅವಳು ಹಿಡಿ ಮೇಲೆ ಮೈಭಾರ ಬಿಟ್ಟು ನಡೀತಿದ್ಲು. ಮಂಡಿ ಹೋಗಿ ಎಷ್ಟೋ ವರ್ಷ ಆಯ್ತು. ನಿಂಗೆ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ಲು." ತಂಗಿ ಮುಖ ಮುಚ್ಚಿಕೊಂಡಳು. "ಹಿಡಿಗೂ ಅದಕ್ಕೂ ಸಂಬಂಧ ಇರತ್ತೆ ಅಂತ ನಂಗೇನು ಗೊತ್ತಿತ್ತು!"

ಒಂದೇ ಮನೆಯಲ್ಲಿದ್ದೂ ಅಮ್ಮನ ಮಂಡಿ ಅವನಿಗೆ ಕಂಡಿರಲಿಲ್ಲ. ಮರುದಿನ ಕಚೇರಿಯಲ್ಲಿ ಹಳೆಯ ಲೆಕ್ಕ ತೆರೆದು, ಹಿಡಿಯ ಮೇಲೆ ಕೆಳಮುಖದ ಒಂದು ಬಾಣ ಸೇರಿಸಿದ: ಅಮ್ಮನ ಭಾರ. ಪರದೆಯ ಮೇಲೆ ಹಿಡಿಯ ಬುಡ ದಪ್ಪಗಾಗುತ್ತಾ ಹೋಗಿ, ಗುಜರಿಗೆ ಹಾಕಿದ್ದ ಹಳೆಯ ಕುರ್ಚಿಯ ಹಿಡಿಯಷ್ಟಕ್ಕೇ ಬಂದು ನಿಂತಿತು.

ಅದನ್ನೇ ಮಾಡಿಸಿ ಮನೆಗೆ ತಂದ. ಅಮ್ಮ ಮಲಗಿದ್ದಲ್ಲಿಂದಲೇ ಕೈ ಚಾಚಿ ಹಿಡಿಯನ್ನು ಅಲುಗಾಡಿಸಿ ನೋಡಿದಳು. "ಈಗ ಗಟ್ಟಿಯಾಗಿದೆ ಕಣೋ," ಎಂದಳು. ಅದಕ್ಕೆ ಒರಗಿ ನಡೆಯುವವರು ಆ ಮನೆಯಲ್ಲಿ ಇನ್ನು ಯಾರೂ ಇರಲಿಲ್ಲ.